ತಡೆಯಬಾರದ ಆಕಳಿಕೆ

ಪೇಸ್ಟಿನ ಮುಚ್ಚಳ ಕಾಣಲಿಲ್ಲ, ಆದದ್ದು ಅಷ್ಟೇ. ಗುಮಾಸ್ತ ಬಚ್ಚಲಮನೆಯಿಂದ ತುಸು ಗಟ್ಟಿಯಾಗಿ, "ಈ ಮನೇಲಿ ಒಂದು ವಸ್ತುವಾದ್ರೂ ಇಟ್ಟ ಕಡೆ ಇರುತ್ತಾ?" ಅಂದುಬಿಟ್ಟ. ಅದು ಹೋಗಿ ಬಿದ್ದದ್ದು ಹೆಂಡತಿಯ ಅಣ್ಣನ ಕಿವಿಗೆ. ಎರಡು ದಿನಕ್ಕೆಂದು ಬಂದು ಬೇರುಬಿಟ್ಟ ಈ ಭಾವನಿಗೆ ಬೇರೆ ಉದ್ಯೋಗವಿರಲಿಲ್ಲ. ನಸುಕಿಗೇ ಎದ್ದು ಬುಸುಬುಸು ಎಂದು ಉಸಿರಾಟದ ಅಭ್ಯಾಸ ಮಾಡಿ ಮನೆಮಂದಿಯ ನಿದ್ದೆ ಕೆಡಿಸುವುದು, ಆಮೇಲೆ ನಿದ್ದೆಗೆಟ್ಟವರ ಮನಸ್ಸು ತಿದ್ದಲು ಕೂರುವುದು.

"ರಜೋಗುಣ ನೆತ್ತಿಗೇರಿದೆ. ಈಗಲೇ ವೈದ್ಯರಿಗೆ ತೋರಿಸೋಣ," ಅಂದ ಭಾವ.

"ನನಗೆ ಮುಚ್ಚಳ ಸಿಕ್ರೆ ಸಾಕು, ಭಾವ."

"ನೋಡಿದ್ಯಾ ಅಣ್ಣ, ಮತ್ತೆ ಸಿಟ್ಟು," ಅಂದಳು ಹೆಂಡತಿ.

ಬೇರೆ ದಿನವಾಗಿದ್ದರೆ ಹೇಗೋ ಆಗುತ್ತಿತ್ತು. ಗುಮಾಸ್ತ ಕೆಲಸಕ್ಕಿದ್ದ ಬೀಗದ ಕಂಪನಿಯವರು ಊರಾಚೆ ಒಂದು ಗೋಡೌನ್ ಕಟ್ಟಿದ್ದರು. ಅಲ್ಲಿಗೆ ಒಬ್ಬನೇ ಒಬ್ಬ ಗುಮಾಸ್ತ ಬೇಕಾಗಿತ್ತು. ಒಂದು ಕುರ್ಚಿ, ಒಂದು ಕಿಟಕಿ, ಫೋನಿಲ್ಲ, ಮಾತಾಡಿಸುವವರಿಲ್ಲ. ಅದು ಯಾರಿಗೆ ಎಂದು ಮ್ಯಾನೇಜರು ಅವತ್ತೇ ಮಧ್ಯಾಹ್ನದ ಮೀಟಿಂಗಿನಲ್ಲಿ ಹೇಳುವವರಿದ್ದರು. ಆ ಕುರ್ಚಿಗಾಗಿ ಗುಮಾಸ್ತ ಹಗಲೂ ರಾತ್ರಿ ಹಂಬಲಿಸುತ್ತಿದ್ದ.

ಎದುರು ಬೀದಿಯ ವೈದ್ಯರು ನಾಡಿ ಹಿಡಿದರು.

"ಸಿಟ್ಟು, ದುರಾಸೆ, ಹೊಟ್ಟೆಕಿಚ್ಚು, ಇವೆಲ್ಲ ಮನಸ್ಸಿನ ವೇಗಗಳು, ಅಂದ್ರೆ ಒಳಗಿಂದ ನುಗ್ಗಿ ಬರೋವು. ಬಂದ್ರೆ ತಡೀಬೇಕು. ಸೀನು, ತೇಗು, ಆಕಳಿಕೆ ದೇಹದ ವೇಗಗಳು. ಬಂದ್ರೆ ತಡೀಬಾರದು. ನೀವು ತಿರುಗಾಮುರುಗಾ ಮಾಡ್ತಿದ್ದೀರಿ. ಇವತ್ತೊಂದು ದಿನ ಸರಿಯಾಗಿ ಮಾಡಿ ನೋಡಿ. ಸತ್ವ ತಾನಾಗೇ ಮೇಲೆ ಬರುತ್ತೆ."

"ಅಷ್ಟು ಸಾಕಾ?"

"ಅಷ್ಟು ಮಾಡೋದೇ ಕಷ್ಟ ಕಣ್ರೀ," ಅಂದರು ವೈದ್ಯರು.

ಅವನು ಆಫೀಸು ಮುಟ್ಟುವುದರೊಳಗೆ ಭಾವನ ಫೋನು ಬಂದು ಹೋಗಿತ್ತು. ತೆಗೆದುಕೊಂಡವನು ಕ್ಯಾಷಿಯರ್. ಇನ್ನು ಕೇಳಬೇಕೆ, ಗುಮಾಸ್ತ ಇವತ್ತು ಸಿಟ್ಟು ಮಾಡುವ ಹಾಗಿಲ್ಲ ಎಂಬ ಸುದ್ದಿ ಕಾವಲಿನವನವರೆಗೂ ಮುಟ್ಟಿತ್ತು. ಗುಮಾಸ್ತ ಕೂರಲು ಹೋದರೆ ಕುರ್ಚಿ ಇರಲಿಲ್ಲ.

"ಸುಮ್ನೆ ಪರೀಕ್ಷೆ ಮಾಡಿದೆ ಕಣೋ. ಸಿಟ್ಟು ಬಂತಾ?" ಎಂದು ಕೇಳಿದ ಕ್ಯಾಷಿಯರ್.

"ಇಲ್ಲ," ಅಂದ ಗುಮಾಸ್ತ, ನೆಲದ ಮೇಲಿಂದ.

ಆಮೇಲೆ ಪೆನ್ನು ಮಾಯವಾಯಿತು, ಊಟದ ಡಬ್ಬಿ ಕಪಾಟಿನ ಮೇಲೇರಿತು. ಭಾವ ಗಳಿಗೆಗೊಮ್ಮೆ ಫೋನ್ ಮಾಡಿ "ಇಳಿದಿದೆಯಾ?" ಎಂದು ವಿಚಾರಿಸಿದ. ಹೀಗೆ ಕೇಳಿ ಕೇಳಿ ಯಾರ ಸಿಟ್ಟಾದರೂ ಇಳಿದದ್ದುಂಟೇ? ಗುಮಾಸ್ತ ಹಲ್ಲು ಕಚ್ಚಿಕೊಂಡು ನಕ್ಕ. ಮಧ್ಯಾಹ್ನದ ಹೊತ್ತಿಗೆ ದವಡೆ ನೋಯುತ್ತಿತ್ತು.

ಮೀಟಿಂಗಿಗೆ ಮ್ಯಾನೇಜರು ಬಂದರು. ಅವರ ಕಣ್ಣು ತಿಂಗಳುಗಳಿಂದ ಕೆಂಪಗಿತ್ತು. ಕೋಪಿಷ್ಠ ಮನುಷ್ಯ ಎಂದೇ ಎಲ್ಲರೂ ತಿಳಿದಿದ್ದರು. ಬೀಗದ ಸ್ಪ್ರಿಂಗು ಯಾಕೆ ಬೇಗ ಸಡಿಲವಾಗುತ್ತದೆ ಎಂದು ಅವರು ಶುರುಮಾಡಿದ್ದೇ ತಡ, ನಸುಕಿನಿಂದ ಬಾಕಿಯಿದ್ದ ಆಕಳಿಕೆ ಗುಮಾಸ್ತನ ಗಂಟಲಿಗೆ ಬಂದು ನಿಂತಿತು.

ಕ್ಯಾಷಿಯರ್ ತೊಡೆ ಚಿವುಟಿದ. "ತಡ್ಕೊಳ್ಳೋ. ಗೋಡೌನ್ ಕೈತಪ್ಪುತ್ತೆ."

"ತಡೀಬಾರದಂತೆ," ಎನ್ನುತ್ತಲೇ ಗುಮಾಸ್ತ ಆಕಳಿಸಿದ. ಹಳೇ ಬಾಗಿಲು ತೆಗೆದ ಹಾಗೆ ಸದ್ದಾಯಿತು. ಪಕ್ಕದವನೂ ಆಕಳಿಸಿದ, ಅವನ ಪಕ್ಕದವಳೂ ಆಕಳಿಸಿದಳು. ಮ್ಯಾನೇಜರು ಕೆಕ್ಕರಿಸಿ ನೋಡಿ, ಬೈಯಲೆಂದು ಬಾಯಿ ತೆರೆದರು. ತೆರೆದ ಬಾಯಿ ಅಗಲವಾಗುತ್ತಾ ಹೋಯಿತು. ತಲೆ ಮೆಲ್ಲಗೆ ಮೇಜಿಗೊರಗಿತು, ಗೊರಕೆ ಕೇಳಿಸಿತು. ಎಬ್ಬಿಸುವ ಧೈರ್ಯ ಯಾರಿಗಿದೆ? ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಬಂದರು.

"ಕೆಲಸ ಹೋಯ್ತು ಬಿಡು ನಿಂದು," ಎಂದ ಕ್ಯಾಷಿಯರ್. ಗುಮಾಸ್ತನಿಗೂ ಹಾಗೇ ಅನ್ನಿಸಿತ್ತು.

ಸಂಜೆ ಒಳಗಿನಿಂದ ಕರೆ ಬಂತು. ಮ್ಯಾನೇಜರ ಕಣ್ಣು ತಿಳಿಯಾಗಿತ್ತು.

"ಕೂತ್ಕೊಳ್ಳಿ. ನನಗೆ ನಿದ್ದೆ ಅನ್ನೋದೇ ಬಿಟ್ಟುಹೋಗಿತ್ತು ಕಣ್ರೀ. ಯಾವ ಮಾತ್ರೆಗೂ ಜಗ್ಗಿರಲಿಲ್ಲ. ನಿಮ್ಮ ಒಂದು ಆಕಳಿಕೆಗೆ ಬಂತು."

ಗುಮಾಸ್ತನ ಕಣ್ಣ ಮುಂದೆ ಕಿಟಕಿ, ಕುರ್ಚಿ ಎರಡೂ ಸುಳಿದವು. "ಹಾಗಾದ್ರೆ ಆ ಗೋಡೌನ್, ಸಾರ್?"

"ಅದಕ್ಕೆ ಕ್ಯಾಷಿಯರನ್ನ ಹಾಕಿದ್ದೀನಿ. ಅವನು ಬಾಯಿ ತೆಗೆದ್ರೆ ನನಗೆ ಎಚ್ಚರ ಆಗುತ್ತೆ. ನಾಳೆಯಿಂದ ನಿಮ್ಮ ಮೇಜು ಈ ಕೋಣೇಲಿ, ನನ್ನ ಎದುರಿಗೇ ಇರುತ್ತೆ."

ಗುಮಾಸ್ತನಿಗೆ ಸಿಟ್ಟು ಬಂತು. ಪೇಸ್ಟಿನ ಮುಚ್ಚಳದಿಂದ ಹಿಡಿದು ತಡೆದಿಟ್ಟದ್ದೆಲ್ಲ ಒಟ್ಟಿಗೆ ಉಕ್ಕಿತು. ಸತ್ವವೂ ಬೇಡ, ಗಿತ್ವವೂ ಬೇಡ, ಇವತ್ತು ಕೂಗಿಯೇ ಬಿಡುತ್ತೇನೆ ಎಂದು ಬಾಯಿ ತೆರೆದ. ಬಂದದ್ದು ಆಕಳಿಕೆ.

"ಹಾ, ಹೀಗೇ," ಎಂದು ಮ್ಯಾನೇಜರು ಕನ್ನಡಕ ತೆಗೆದಿಟ್ಟು ಕೆನ್ನೆಯನ್ನು ಮೇಜಿಗೆ ಒರಗಿಸಿದರು. ಕಣ್ಣು ಮುಚ್ಚಿಕೊಂಡೇ ಮತ್ತೆ ಹೇಳಿದರು: "ನಿಮ್ಮ ಭಾವ ಫೋನ್ ಮಾಡಿದ್ರು. ಎಂಥ ಒಳ್ಳೇ ಮನುಷ್ಯ. ನಿಮಗೆ ದಿನಾ ಆಕಳಿಕೆ ಬರೋ ಹಾಗೆ ನಸುಕಿಗೇ ಎಬ್ಬಿಸೋ ಜವಾಬ್ದಾರಿ ಅವರದಂತೆ. ಊರಿಗೆ ಹೋಗಬೇಕು ಅಂತಿದ್ರು, ನಾನೇ ಬೇಡ ಅಂದೆ."