ಹನ್ನೊಂದನೇ ದಿನದ ಚಾರ್ಜಿಂಗ್

ಕಾಗೆ ಬಂತು, ಕಾಂಪೌಂಡ್ ಗೋಡೆಯ ಮೇಲಿಟ್ಟಿದ್ದ ಎಡೆಯನ್ನು ಓರೆಗಣ್ಣಲ್ಲಿ ನೋಡಿತು, ಮುಟ್ಟದೆ ಹಾರಿಹೋಯಿತು. ಇದು ಮೂರನೇ ಸಲ.

ಚಾಮರಾಜಪೇಟೆಯ ದೊಡ್ಡಬೈರಪ್ಪನವರು ತೀರಿಕೊಂಡು ಅಂದಿಗೆ ಹನ್ನೊಂದು ದಿನ. ತಿಥಿಯ ಅಡಿಗೆ ಆಗಿತ್ತು. ನಲವತ್ತು ಜನ ನೆಂಟರು ಹೊಟ್ಟೆ ಖಾಲಿ ಇಟ್ಟುಕೊಂಡೇ ಬಂದಿದ್ದರು. ಆದರೆ ಸತ್ತವರು ಕಾಗೆಯಾಗಿ ಬಂದು ಎಡೆ ಮುಟ್ಟುವ ತನಕ ಬದುಕಿರುವವರು ಎಲೆ ಮುಂದೆ ಕೂರುವಂತಿಲ್ಲ. ಗಂಟೆ ಹನ್ನೆರಡು ದಾಟಿತ್ತು. ಒಬ್ಬನೇ ಮಗ ಗೌರೀಶ ಒದ್ದೆ ಪಂಚೆಯಲ್ಲಿ ಕೈಮುಗಿದುಕೊಂಡು ನಿಂತೇ ಇದ್ದ.

"ಏನೋ ಆಸೆ ಉಳ್ಕೊಂಡೈತೆ ಕಣೋ ಅವನಿಗೆ," ಎಂದರು ದೊಡ್ಡಪ್ಪ ದೇವಯ್ಯ. "ಜ್ಞಾಪಿಸ್ಕೋ, ಏನದು ಅಂತ."

ಜ್ಞಾಪಿಸಿಕೊಳ್ಳುವುದೇನು ಬಂತು, ಅದು ಕಣ್ಣೆದುರೇ, ಗೋಡೆಯ ಪಕ್ಕ ನಿಂತಿತ್ತು. ಅಪ್ಪನ ಮೂವತ್ತು ವರ್ಷದ ಮೋಟರ್ ಸೈಕಲ್ಲು. ಎರಡು ವರ್ಷದಿಂದ ಅದಕ್ಕೆ ಚಾರ್ಜಿಂಗ್ ಇಲ್ಲ, ದೀಪವಿಲ್ಲ, ಹಾರನ್ನಿಲ್ಲ. ಆಸ್ಪತ್ರೆಗೆ ಸೇರುವ ಹಿಂದಿನ ದಿನವೂ ಅಪ್ಪ ಕೇಳಿದ್ದರು. "ಭಾನುವಾರ ಮಾಡಿಸ್ತೀನಪ್ಪ," ಎಂದಿದ್ದ ಗೌರೀಶ. ಭಾನುವಾರ ಬಂತು, ಅಪ್ಪ ಇರಲಿಲ್ಲ.

ನಲವತ್ತೆರಡು ವರ್ಷದ ಬಾಳಿನಲ್ಲಿ ಅಪ್ಪನಿಂದ ಒಂದೇ ಒಂದು 'ಭೇಷ್' ಕೇಳಿದವನಲ್ಲ ಅವನು. ಈಗ ಒಂದು ತುತ್ತು ಮುಟ್ಟಿದರೆ ಸಾಕು, ಅದನ್ನೇ ಭೇಷ್ ಅಂದುಕೊಳ್ಳುತ್ತಿದ್ದ.

"ಗಾಡಿ ಸರಿಮಾಡ್ಸು ಮತ್ತೆ! ನಿಂತ್ಕೊಂಡ್ ಏನ್ ನೋಡ್ತೀಯಾ?" ಅವನು ವಿಷಯ ಹೇಳಿದ್ದೇ ತಡ, ನೆಂಟರೆಲ್ಲ ಒಂದೇ ಬಾಯಾದರು.

ಪಕ್ಕದ ಮನೆಯ ಧರ್ಮರಾಜು ಗೋಡೆ ಹಾರಿಯೇ ಬಂದ. ತರಕಾರಿ ವ್ಯಾಪಾರ ಬಿಟ್ಟು ಉಳಿದೆಲ್ಲ ವಿಷಯದಲ್ಲೂ ಪಂಡಿತ. "ಬ್ಯಾಟ್ರಿ ಸತ್ತೋಗಿದೆ ಗುರು. ಹೊಸದು ಹಾಕು, ಅಷ್ಟೇ."

ಸಾವಿನ ಮನೆಯಲ್ಲಿ ಆಡುವ ಮಾತೇ ಅದು? ಆದರೂ ಗೌರೀಶ ಒದ್ದೆ ಪಂಚೆಯಲ್ಲೇ ಆಟೋ ಹತ್ತಿ ಜೆ.ಸಿ. ರಸ್ತೆಗೆ ಹೋಗಿ ಬ್ಯಾಟರಿ ತಂದ. ಹಾಕಿದೊಡನೆ ಹಾರನ್ ಕಿರುಚಿತು. ಎಲ್ಲರೂ ಗೋಡೆಯತ್ತ ತಿರುಗಿದರು. ಕಾಗೆಯ ಸುಳಿವಿಲ್ಲ.

ಅಷ್ಟರಲ್ಲಿ ನೆಂಟರು ಕರೆಸಿದ್ದ ಮೆಕ್ಯಾನಿಕ್ ಮುನೇಶ್ ಬಂದು, ಗಾಡಿ ಸ್ಟಾರ್ಟ್ ಮಾಡಿ ಬ್ಯಾಟರಿಗೆ ಮೀಟರ್ ಹಿಡಿದ. "ಇಂಜಿನ್ ಓಡ್ವಾಗ ಹದಿನಾಲ್ಕು ವೋಲ್ಟ್ ತೋರಿಸ್ಬೇಕು ಸಾರ್. ಹನ್ನೆರಡರಲ್ಲೇ ನಿಂತಿದೆ. ನಲ್ಲೀಲೇ ನೀರ್ ಬರ್ದಿದ್ರೆ ಬಿಂದಿಗೆ ಹೊಸದಾದ್ರೇನು?"

ಇಂಜಿನ್ ಪಕ್ಕದ ಮುಚ್ಚಳ ಬಿಚ್ಚಿದ. ಒಳಗೆ ಕರೆಂಟ್ ಹುಟ್ಟಿಸಬೇಕಾದ ಕಾಯಿಲ್ ಸುಟ್ಟು ಕರಕಲಾಗಿತ್ತು.

"ನಿಮ್ಮಪ್ಪನ ಹೊಟ್ಟೆ ಹಿಂಗೇ ಉರ್ದೈತೆ ನೋಡ್ಕೊ," ಎಂದರು ದೇವಯ್ಯ. ಗೌರೀಶ ಮತ್ತೆ ಆಟೋ ಹತ್ತಿದ.

ಕಾಯಿಲ್ ಬಂದ ಮೇಲೆ ಮುನೇಶ್ ತಲೆ ಕೆರೆದುಕೊಂಡ. "ಇದರ ಜೋರಿಗೆ, ಕರೆಂಟ್ ಹದದಲ್ಲಿಡೋ ಹಳೇ ರೆಗ್ಯುಲೇಟರ್ ತಡಿಯಲ್ಲ ಸಾರ್. ಅದನ್ನೂ ಈಗಿನ ಮಾಡೆಲ್ ಹಾಕ್ಬಿಡಣ."

ಮೂರನೇ ಆಟೋ. ಎರಡೂವರೆಗೆ ಸಾರು ತಣ್ಣಗಾಯಿತು. ಶುಗರ್ ಇದ್ದ ಚಿಕ್ಕಮ್ಮ ಒಬ್ಬರು ಕಣ್ಣು ಕತ್ತಲೆ ಬಂದು ಗೋಡೆಗೊರಗಿ ಕೂತರು. ಅಪ್ಪನನ್ನು ಕೊಂದವನೇ ಇವನು ಎನ್ನುವ ಹಾಗೆ ಎಲ್ಲರೂ ಗೌರೀಶನನ್ನೇ ನೋಡುತ್ತಿದ್ದರು. ಅವನು ತಾನೇ ಸ್ಪ್ಯಾನರ್ ಹಿಡಿದು ಮುನೇಶನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಬೆರಳಿನ ಚರ್ಮ ಕಿತ್ತುಹೋಯಿತು, ಪಂಚೆಯೆಲ್ಲ ಗ್ರೀಸಾಯಿತು. ಕೊನೆಯ ಕೆಂಪು ವೈರನ್ನು ತನ್ನ ಕೈಯಾರೆ ಸಿಕ್ಕಿಸಿದ.

ಮೂರೂವರೆಗೆ ಕಿಕ್ ಹೊಡೆದ. ಮೀಟರ್ ಹದಿನಾಲ್ಕು ದಾಟಿತು. ಮುಂದಿನ ದೀಪ ಬೆಳ್ಳಗೆ ಉರಿಯಿತು. ಇಂಜಿನ್ ನಿಲ್ಲಿಸಿ, ದೀಪವನ್ನು ಹಾಗೇ ಬಿಟ್ಟು, ಗೌರೀಶ ಗೋಡೆಯ ಕಡೆ ತಿರುಗಿ ಅತ್ತೇಬಿಟ್ಟ. "ಆಯ್ತಪ್ಪ. ತಡ ಮಾಡ್ದೆ, ತಪ್ಪಾಯ್ತು. ಬಾರಪ್ಪ."

ಕಾಗೆ ಬಂತು.

ನಲವತ್ತು ಜನ ಉಸಿರು ಬಿಗಿಹಿಡಿದರು. ಕಾಗೆ ಎಡೆಯ ಪಕ್ಕ ಕೂತಿತು. ದೀಪ ನೋಡಿತು. ಎಡೆಯನ್ನು ದಾಟಿ ಕುಪ್ಪಳಿಸಿ ಗಾಡಿಯ ಸೀಟಿನ ಮೇಲೆ ಕೂತು, ಕತ್ತು ಬಗ್ಗಿಸಿ, ಕೆಂಪು ವೈರನ್ನು ಕೊಕ್ಕಿನಲ್ಲಿ ಹಿಡಿದು ಒಂದೇ ಸಮ ಜಗ್ಗಿತು. ವೈರು ಕಿತ್ತು ಬಂತು. ದೀಪ ಆರಿತು. ಕಾಗೆ ವೈರಿನ ಸಮೇತ ಬೀದಿಯ ಹೊಂಗೆ ಮರಕ್ಕೆ ಹಾರಿತು.

"ಇದ್ಯಾವ್ದೋ ಬೇರೆ ಕಾಗೆ ಬಿಡಿ, ಗೂಡು ಕಟ್ಟೋದು," ಎಂದ ಧರ್ಮರಾಜು.

ಬೆಳಗಿನಿಂದ ತುಟಿ ಬಿಚ್ಚದಿದ್ದ ಗೌರೀಶನ ತಾಯಿ ಅಕ್ಕಯಮ್ಮ ಬಾಗಿಲಿಗೆ ಬಂದರು. "ಬೇರೆ ಅಲ್ಲ ಕಣಪ್ಪ, ಅವ್ರೇ," ಎಂದರು ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತ. "ಇವನು ಮಾಡಿದ್ ಕೆಲಸಾನ ಒಂದ್ಸಲ ಕಿತ್ತಾಕ್ದೆ ಅವ್ರು ಯಾವತ್ತು ಊಟಕ್ಕೆ ಕೂತಿದ್ರು?"

ದೇವಯ್ಯ ನಿಟ್ಟುಸಿರು ಬಿಟ್ಟು ಮೆಕ್ಯಾನಿಕ್ ಕಡೆ ತಿರುಗಿದರು. "ಮುನೇಶ, ಆ ಸುಟ್ಟೋಗಿರೋ ಕಾಯಿಲ್ಲು ಎತ್ತಿಟ್ಟಿದೀಯೇನಪ್ಪ? ಅದನ್ನೇ ವಾಪಸ್ ಹಾಕು, ಆಗ್ಲಾದ್ರೂ ಉಣ್ಲಿ ಅವನು."

ಗೌರೀಶ ಕಣ್ಣೊರೆಸಿಕೊಂಡು ಮತ್ತೆ ಸ್ಪ್ಯಾನರ್ ಎತ್ತಿಕೊಂಡ.