ಅವ್ವಾರಿಗೆ ಕೇಳಿಸದ ಸ್ಪೀಕರ್

ಗಡಹಿಂಗ್ಲಜದಲ್ಲಿ ನನ್ನದೊಂದು ಸಣ್ಣ ಅಂಗಡಿ. ಗಾಡಿಗಳಿಗೆ ಸ್ಪೀಕರ್ ಕೂಡಿಸುವ ಕೆಲಸ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು ಷಟರ್ ಎತ್ತುವಾಗ ದಿನಾಲೂ ಬೇಡಿಕೊಳ್ಳುತ್ತೇನೆ: "ಶಿವನೇ, ಇವತ್ತು ಕೆಲಸಾ ನೆಟ್ಟಗ ಆಗಲಿ. ಮಂದಿ ನಗೂವಂಥಾದ್ದು ಏನೂ ಆಗದಿರಲಿ." ಮೊದಲನೆಯದನ್ನು ಶಿವ ಎಷ್ಟೋ ಸಲ ನಡೆಸಿಕೊಟ್ಟಿದ್ದಾನೆ. ಎರಡನೆಯದನ್ನು ಇಷ್ಟು ವರ್ಷಗಳಲ್ಲಿ ಒಂದು ದಿನವೂ ಕಿವಿಗೆ ಹಾಕಿಕೊಂಡಿಲ್ಲ. ಅವನಿಗೂ ನಗು ಬೇಕಲ್ಲ, ಪಾಪ.

ಎಲ್ಲಾ ಗಾಡಿಗಳ ಕಥೆ ಹೇಳುತ್ತ ಕೂತರೆ ಮುಗಿಯುವುದಿಲ್ಲ. ಒಂದೇ ಒಂದು ಗಾಡಿಯದು ಹೇಳುತ್ತೇನೆ.

ಜಗಳ ಅಲ್ಲ

ಒಂದು ಮುಂಜಾನೆ ಅಂಗಡಿಯ ಮುಂದೆ ಬೆಳ್ಳಗಿನ ಉದ್ದನೆಯ ಗಾಡಿ ಬಂದು ನಿಂತಿತು. ಜರ್ಮನಿಯದು. ಹೊಸದಿದ್ದಾಗ ಕೊಲ್ಹಾಪುರದ ಯಾರೋ ಶ್ರೀಮಂತರು ಅದರಲ್ಲಿ ಮೆರೆದಿದ್ದರಂತೆ. ಹದಿನೈದು ವರ್ಷ ಹಳೆಯದಾದ ಮೇಲೆ ಹಗಲೂ ರಾತ್ರಿ ಮಗ್ಗ ಬಡಿಯುವ ಊರಾದ ಇಚಲಕರಂಜಿಯ ಸಾವ್ಕಾರರೊಬ್ಬರ ಕೈಗೆ ಬಂದಿತ್ತು. ಸಾವ್ಕಾರರದು ನಲವತ್ತು ಪವರ್‌ಲೂಮ್. ಕೆಳಗೆ ಮಗ್ಗ, ಮೇಲೆ ಮನೆ.

ಇಳಿದವರು ನನ್ನೆದುರು ಒಂದು ಮೊಳ ದೂರದಲ್ಲಿ ನಿಂತು, ಹೊಳೆಯ ಆಚೆ ದಂಡೆಯವನನ್ನು ಕರೆಯುವಂತೆ ಕೂಗಿದರು.

"ಮಿಸ್ತ್ರೀ! ಸ್ಪೀಕರ್ ಬದಲ ಮಾಡಬೇಕ್ರಿ! ನಮ್ಮ ಅವ್ವಗ ಕಿವಿ ಕೇಳಸಂಗಿಲ್ಲ!"

ಹಿಂದಿನ ಸೀಟಿನಲ್ಲಿ ಅವರ ತಾಯಿ ಕೂತಿದ್ದರು. ಎಪ್ಪತ್ತೈದು ದಾಟಿದ, ಹಸಿರು ಇಳಕಲ್ ಸೀರೆಯ, ಕಣ್ಣಲ್ಲೇ ನಗುವ ಅವ್ವಾರು.

"ನಲವತ್ತ ವರ್ಷ ಮಗ್ಗದ ಮ್ಯಾಲ ಸಂಸಾರ ಮಾಡ್ಯಾಳ್ರಿ! ಏನ ಕೇಳಿದ್ರೂ 'ಆಂ?' ಅಂತಾಳ! ಮಠದ ಅಜ್ಜಾರ ಪ್ರವಚನ ಅಂದ್ರ ಆಕೀಗಿ ಜೀವ! ಅಜ್ಜಾರು ಲಿಂಗೈಕ್ಯ ಆದ್ರು, ರೆಕಾರ್ಡಿಂಗ್ ಅಷ್ಟ ಉಳದೈತಿ! ಅದು ಕಿವಿಗಿ ಬೀಳಲಾರದ ಮರಮರ ಮರಗತಾಳ! ಈ ಗಾಡ್ಯಾಗ ಕುಂದ್ರಿಸಿ ಒಮ್ಮೆ ಆಕೀಗಿ ಪೂರಾ ಕೇಳಸಬೇಕ್ರಿ, ಅಷ್ಟ ನನ್ನ ಆಸೆ!"

"ಇಚಲಕರಂಜ್ಯಾಗ ಅಂಗಡಿ ಇಲ್ಲೇನ್ರಿ, ಇಷ್ಟ ದೂರ ಬಂದೀರಿ?" ಎಂದು ನಾನೂ ಕೂಗಿಯೇ ಕೇಳಿದೆ. ಕೂಗು ಅಂಟುರೋಗ.

"ಅದಾವ್ರಿ! ಕೊಲ್ಹಾಪುರದಾಗ ಗಾಜಿನ ಅಂಗಡಿ ಅದಾವು, ಏಸಿ ಅದಾವು! ಅವ್ವ ಒಂದನ್ನೂ ಒಪ್ಪಲಿಲ್ಲ! 'ಗಡಹಿಂಗ್ಲಜದಾಗ ಹಣಿ ತುಂಬ ವಿಭೂತಿ ಹಚ್ಚೂ ಮಿಸ್ತ್ರಿ ಅದಾನಂತ, ಅಲ್ಲೇ ಆಗಬೇಕು' ಅಂತ ಹಟಾ ಹಿಡದ್ಲು!"

ನನ್ನ ಕಣ್ಣು ತುಂಬಿ ಬಂತು. ಹಣೆಯ ಮೇಲಿನ ಚಿಟಿಕೆ ವಿಭೂತಿ ಗಿರಾಕಿಯನ್ನು ಎಲ್ಲಿಂದ ಎಲ್ಲಿಗೆ ಎಳೆದು ತಂದಿತು! ಅವ್ವಾರಿಗೆ ಪ್ರವಚನ ಕೇಳಿಸುವವರೆಗೂ ಸೋಮವಾರ ಒಪ್ಪತ್ತು ಊಟ ಎಂದು ಅಲ್ಲೇ ಮನಸ್ಸಿನಲ್ಲಿ ಹರಕೆ ಹೊತ್ತೆ.

ಅಷ್ಟರಲ್ಲಿ ಪಕ್ಕದ ಚಹಾದಂಗಡಿಯವನು ಸೌಟು ಹಿಡಿದುಕೊಂಡೇ ಓಡಿ ಬಂದ. "ಏನಾತ್ರಿ? ಯಾರ ಜೋಡಿ ಜಗಳಾ?"

"ಜಗಳ ಅಲ್ಲೋ ಮಾರಾಯಾ," ಎಂದೆ. "ಇಚಲಕರಂಜಿ."

ತೀರ್ಥ

ಬಾಗಿಲ ಪ್ಯಾನೆಲ್ ಬಿಚ್ಚಿದೆ. ಹಳೆ ದೊಡ್ಡ ಗಾಡಿಗಳ ಹಣೆಬರಹವೇ ಅಷ್ಟು. ಮೇಲೆ ಚರ್ಮದ ಸೀಟು, ಕಟ್ಟಿಗೆಯ ಕುಸುರಿ, ಒಳಗೆ ಸ್ಪೀಕರಿನ ಸುತ್ತಲಿನ ಫೋಮ್ ಪೂರಾ ಪುಡಿಯಾಗಿತ್ತು. ಬೆರಳು ತಾಗಿಸಿದರೆ ಕರೀ ಬೂದಿ ಉದುರಿತು.

ಸಾವ್ಕಾರರು ಬಗ್ಗಿ ನೋಡಿ, "ಏನ್ರಿ ಇದು, ಗಾಡೀನೂ ವಿಭೂತಿ ಹಚಗೊಂಡೈತಿ!" ಅಂದರು.

ನಾಲ್ಕೂ ಬಾಗಿಲಿಗೆ ಹೊಸ ಸ್ಪೀಕರ್ ಬಂದವು. ಜರ್ಮನಿಯ ತೂತಿಗೆ ನಮ್ಮ ಸ್ಪೀಕರ್ ಕೂಡದೆ, ಪ್ಲೈವುಡ್ಡಿನಲ್ಲಿ ಬಳೆ ಕೊರೆದು ಕೂಡಿಸಿದೆ. ಪ್ರತಿ ಸ್ಪೀಕರಿನ ಬೆನ್ನಿಗೂ ಮೂರೆಳೆ ವಿಭೂತಿ ಎಳೆದೆ. ಕೇಳಿ ನೋಡಿದರೆ ಅಜ್ಜಾರ ಧ್ವನಿ ಎದುರಿಗೇ ಕೂತು ಮಾತಾಡಿದಂತೆ!

"ಪೂಜಿ ಮಾಡೂಣ್ರಿ," ಎಂದರು ಸಾವ್ಕಾರರು. ಪೂಜೆ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಊದಿನಕಡ್ಡಿ ತರಲು ಒಳಗೆ ಹೋದೆ. ಕಾಯಿಯನ್ನು ಗಾಲಿಯ ಹತ್ತಿರ ಒಡೆಯಿರಿ ಎಂದು ಹೇಳಿಯೇ ಹೋಗಿದ್ದೆ. ಕಾಯಿ ಗಾಲಿಯ ಹತ್ತಿರವೇ ಒಡೆದರು. ಆದರೆ ನೀರನ್ನು ಮಾತ್ರ ಭಕ್ತಿಯಿಂದ, ಒಂದು ಹನಿಯೂ ಹೊರಗೆ ಚೆಲ್ಲದಂತೆ, ನಾಲ್ಕೂ ಬಾಗಿಲ ಸ್ಪೀಕರಿನ ಜಾಳಿಗೆಗೆ ಹಂಚಿ ಹೊಯ್ದರು.

"ಅಯ್ಯೋ ಸಾವ್ಕಾರ್ರ, ಇದೇನ ಮಾಡಿದ್ರಿ?"

"ಗಾಲೀಗಿ ಯಾಕ್ರಿ ತೀರ್ಥ? ಗಾಲಿ ಪ್ರವಚನ ಹೇಳತೈತೇನು?"

ಹಾಗೆಯೇ ಹೊರಟೆವು. ಟ್ರಯಲ್ ನೋಡಲು ಪಕ್ಕದ ಹಳ್ಳಿ ನೂಲದ ರಸ್ತೆ ಛಲೋ. ಹತ್ತೇ ಮಿನಿಟು, ಎರಡೂ ಕಡೆ ಕಬ್ಬು, ಗದ್ದಲವಿಲ್ಲ. ಅಲ್ಲದೆ ಅವ್ವಾರ ತಂಗಿಯನ್ನು ಕೊಟ್ಟದ್ದು ನೂಲಕ್ಕೇ. ಮಗ್ಗ ಬಿಟ್ಟು ಬರಲಾಗದೆ ವರ್ಷಗಟ್ಟಲೆ ಆ ಕಡೆ ಹಾಯ್ದಿರಲಿಲ್ಲ ಎಂದು ಸಾವ್ಕಾರರೇ ಹೇಳಿದರು. "ಬಂದದ್ದ ಬಂದೇವಿ, ಸಣ್ಣವ್ವನ ಮಾರಿ ನೋಡಿ ಹೋಗೂಣು."

ಪ್ರವಚನ ಹಚ್ಚಿದೆವು. ಅಜ್ಜಾರು "ಗುಳಗುಳಗುಳ" ಎಂದರು. ಆವಾಜು ಏರಿಸಿದೆ. "ಗುಳಗುಳಗುಳ, ಭಕ್ತರೇ, ಗುಳಗುಳ."

"ಕೇಳಸತೈತೇನವ್ವಾ?" ಎಂದು ಮಗ ಕೂಗಿದರು.

ಅವ್ವಾರು ತಲೆ ಅಲ್ಲಾಡಿಸಿದರು. "ಏನೂ ಕೇಳಸವಲ್ದಪಾ. ಆದ್ರ ಅಜ್ಜಾರು ಬಾಯಿ ಮುಕ್ಕಳಸಾಕತ್ತಾರ ಅಂತ ನಿಮ್ಮ ಮಾರಿ ನೋಡಿದ್ರ ಗೊತ್ತಾಗತೈತಿ."

ಮಡಿಲಲ್ಲಿ ದೇವರು

ಸ್ಪೀಕರ್ ಒಣಗಿಸಿ, ಕೆಟ್ಟವನ್ನು ಬದಲಿಸಿ, ಮತ್ತೊಮ್ಮೆ ನೂಲಕ್ಕೆ ಹೋಗಿ ಬಂದರೂ ಅವ್ವಾರದು ಅದೇ ಮಾತು: "ಇಲ್ಲಪಾ, ಕೇಳಸವಲ್ದು." ಡಿಕ್ಕಿಯಲ್ಲಿ ದೊಡ್ಡದೊಂದು ಬಾಸ್ ಸ್ಪೀಕರ್, ಆಂಪ್ಲಿಫಾಯರ್ ಕೂಡಿಸುವುದೇ ದಾರಿ ಅನ್ನಿಸಿತು. ಕೊಲ್ಹಾಪುರಕ್ಕೆ ಹೋಗಿ ತಂದೆ.

ಎಸ್‌ಟಿ ಬಸ್ಸಿನಲ್ಲಿ ಬಾಸ್ ಸ್ಪೀಕರ್ ಡಿಕ್ಕಿಗೆ ಹಾಕಲು ಮನಸ್ಸಾಗಲಿಲ್ಲ. ಅಲ್ಲಿನ ಗುಡಿಯ ಅಂಬಾಬಾಯಿಯ ದರ್ಶನಕ್ಕೆ ಹೋಗಿದ್ದಾಗ ಅದನ್ನೂ ಒಯ್ದಿದ್ದೆ, ಹೊಸ ಸಾಮಾನಿಗೆ ತಾಯಿಯ ಕೃಪಾದೃಷ್ಟಿ ಬೀಳಲೆಂದು. ಕೆಂಪು ಬಟ್ಟೆ ಸುತ್ತಿ, ಮೇಲೆ ಪ್ರಸಾದದ ಚೆಂಡುಹೂ ಇಟ್ಟು ಮಡಿಲಲ್ಲಿ ಹಿಡಿದು ಕೂತೆ. ದುಂಡಗೆ, ಭಾರವಾಗಿ, ಕೆಂಪು ಬಟ್ಟೆಯಲ್ಲಿ. ನಿಪ್ಪಾಣಿ ಬರುವಷ್ಟರಲ್ಲಿ ಪಕ್ಕದ ಅಜ್ಜಿ ಚಪ್ಪಲಿ ಬಿಟ್ಟು ಕೂತಿದ್ದರು. ಎದುರಿನವರು ಕಾಲು ಹಿಂದಕ್ಕೆ ಎಳೆದುಕೊಂಡಿದ್ದರು. ಕಂಡಕ್ಟರು ಟಿಕೀಟು ಕೊಡುವಾಗ ಒಂದು ಕೈ ಎದೆಗೆ ಮುಟ್ಟಿಸಿಕೊಂಡ.

ಅಜ್ಜಿ ಮೆಲ್ಲಗೆ ಮರಾಠಿಯಲ್ಲಿ ಕೇಳಿದರು, "ಕುಠಲಾ ದೇವ, ಬಾಳಾ?" ಯಾವ ದೇವರಪ್ಪಾ ಅಂತ.

ಸುಳ್ಳು ಹೇಳಲು ಬಾರದು. "ದೇವ ನಾಹೀ ಆಜೀ, ಸ್ಪೀಕರ್ ಆಹೇ," ಎಂದೆ, ದೇವರಲ್ಲ, ಸ್ಪೀಕರ್ ಅಂತ. "ಮಠದ ಅಜ್ಜಾರ ಪ್ರವಚನ ಕೇಳೂದಕ್ಕ."

ಅಜ್ಜಿ ಹತ್ತು ರೂಪಾಯಿ ನೋಟು ತೆಗೆದು ಹೂವಿನ ಮೇಲಿಟ್ಟು ಕೈ ಮುಗಿದರು. "ಮಗ ದೇವಚ ಕೀ ರೇ!" ಹಾಗಾದರೆ ದೇವರೇ ಆಯಿತಲ್ಲೋ!

ಗಡಹಿಂಗ್ಲಜದವರೆಗೂ ಸ್ಪೀಕರಿಗೆ ನನ್ನ ಉಸಿರು ತಾಗದಂತೆ ಮುಖ ತಿರುಗಿಸಿಕೊಂಡು ಕೂತೆ.

ಬೆನ್ನು ಹತ್ತಿದ ಮಗ್ಗ

ಬಾಸ್ ಕೂಡಿಸಿದೆ, ಆಂಪ್ಲಿಫಾಯರ್ ಕೂಡಿಸಿದೆ. ಒಂದು ಸಂಗತಿ ಮಾತ್ರ ನನಗೆ ಗೊತ್ತಿರಲಿಲ್ಲ. ನಮ್ಮ ಸಾದಾ ಗಾಡಿಗಳಲ್ಲಿ ಇಂಡಿಕೇಟರಿನ ಟಿಕ್‌ಟಿಕ್ ಡ್ಯಾಶ್‌ಬೋರ್ಡಿನ ಒಳಗಿಂದ ಬರುತ್ತದೆ. ಈ ಜರ್ಮನ್ ದೊಡ್ಡಸ್ತಿಕೆಯ ಗಾಡಿಯಲ್ಲಿ ಅದು ಸ್ಪೀಕರಿನಿಂದಲೇ ಬರುತ್ತದೆ. ಬೆಲ್ಟ್ ಹಾಕದಿದ್ದರೆ ಹೊಡೆಯುವ ಗಂಟೆಯೂ ಅಲ್ಲಿಂದಲೇ.

ಸಾವ್ಕಾರರು ಗಾಡಿ ಚಾಲೂ ಮಾಡಿದರು. ಬೆಲ್ಟ್ ಹಾಕಿರಲಿಲ್ಲ. ಢಣ್! ಢಣ್! ಢಣ್! ಮಂಗಳಾರತಿಯ ಹೊತ್ತಿನ ಗಂಟೆಯೇ. ನಾನು ಎದ್ದು ನಿಲ್ಲಲು ಹೋಗಿ ತಲೆ ಛತ್ತಿಗೆ ಬಡಿಸಿಕೊಂಡೆ. ಅವರು ಗಾಬರಿಯಿಂದ ಬೆಲ್ಟ್ ಎಳೆದುಕೊಂಡರು, ನೂಲದ ಕಡೆ ತಿರುಗಲು ಇಂಡಿಕೇಟರ್ ಹಾಕಿದರು.

ಖಡಕ್! ಖಡಕ್! ಖಡಕ್! ಖಡಕ್!

ಸಾವ್ಕಾರರ ಮುಖದ ಬಣ್ಣ ಇಳಿಯಿತು. "ಮಿಸ್ತ್ರೀ, ಮಗ್ಗ ಬಿಟ್ಟ ಬಂದೀನಿ ಅಂತ ತಿಳದಿದ್ದೆ. ಮಗ್ಗ ಬೆನ್ನ ಹತ್ತಿ ಬಂದಾವಲ್ರಿ!"

ಹಿಂದಿನಿಂದ ಅವ್ವಾರು ನೆಮ್ಮದಿಯಾಗಿ ಅಂದರು, "ಮಗ್ಗ ಛಲೋ ನಡದಾವು. ಒಂದೂ ದಾರ ಹರಿದಿಲ್ಲ."

ನಾವಿಬ್ಬರೂ ಒಟ್ಟಿಗೇ ತಿರುಗಿದೆವು. ಸಾವ್ಕಾರರು ಸೀಟಿನ ಮೇಲಿಂದ ಹಿಂದಕ್ಕೆ ಬಗ್ಗಿದರು. "ಅವ್ವಾ! ಕೇಳಿಸಿತೇನವ್ವಾ?"

ಅವ್ವಾರು ಸೀರೆಯ ನಿರಿಗೆ ಸರಿಮಾಡಿಕೊಂಡರು.

"ಕಿವಿಗಿ ಕೇಳಸಲಿಲ್ಲಪಾ," ಎಂದರು. "ಕುಂತ ಜಾಗಕ್ಕ ಗೊತ್ತಾತು."

ಕಿವಿ ಡಾಕ್ಟರ್

ವಾರಕ್ಕೊಮ್ಮೆಯಂತೆ ನೂಲದ ಹಾದಿಗೆ ಇದು ಆರನೆಯ ಸಲ. ಅಂದರೆ ನನ್ನ ಆರನೆಯ ಸೋಮವಾರ ದಾಟಿತ್ತು. ಇಂಡಿಕೇಟರಿನ ಸದ್ದು ಇಳಿಸಿದ್ದೆ, ಹೊರಗಿನ ಸದ್ದು ತಡೆಯಲು ಬಾಗಿಲುಗಳಿಗೆ ಒಳಗಿಂದ ಉಣ್ಣೆಯ ನಮದೆ ಅಂಟಿಸಿದ್ದೆ. ಇದಕ್ಕೂ ಮೇಲೆ ಮಾಡುವಂಥದ್ದು ಈ ಭೂಮಿಯ ಮೇಲೆ ಏನೂ ಉಳಿದಿರಲಿಲ್ಲ. ಪ್ರವಚನ ಹಚ್ಚಿ ನೂಲಕ್ಕೆ ಹೊರಟರೆ, ಕಬ್ಬು ಕಡಿಯುವವರು ಕುಡುಗೋಲು ಕೆಳಗಿಟ್ಟು ಕೈ ಮುಗಿದರು. ಬದುವಿನ ಎಮ್ಮೆ ಮೆಲುಕು ನಿಲ್ಲಿಸಿ ಅಜ್ಜಾರ ಮಾತು ಕೇಳಿತು.

"ಈಗರೆ ಕೇಳಸತೈತೇನವ್ವಾ?"

"ಇಲ್ಲಪಾ."

ನೂಲದಲ್ಲಿ ಅಕ್ಕ ತಂಗಿ ಕಟ್ಟೆಯ ಮೇಲೆ ಕೂತರು. ನಾನು ಬೇವಿನ ಗಿಡದ ಕೆಳಗೆ ಮನಸ್ಸಿನಲ್ಲೇ ಜಪ ಮಾಡುತ್ತ ಕೂತಿದ್ದೆ. ಕಣ್ಣು ತೆರೆದಾಗ ನೋಡಿದ್ದೇನು? ತಂಗಿ ಅಕ್ಕನ ಕಿವಿಯಲ್ಲಿ ಪಿಸಪಿಸ ಏನೋ ಹೇಳುತ್ತಾರೆ, ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಮೈಯೆಲ್ಲಾ ಕುಲುಕಿಸಿ ನಗುತ್ತಾರೆ. ಪಾಪ, ತಂಗಿಯ ಮನಸ್ಸು ನೋಯಬಾರದೆಂದು ಕೇಳಿಸಿದಂತೆ ನಗುತ್ತಾರೆ, ಎಷ್ಟು ದೊಡ್ಡ ಜೀವ ಎಂದು ನನ್ನ ಕಣ್ಣಂಚು ಒದ್ದೆಯಾಯಿತು. ಭಕ್ತಿ ಹೆಚ್ಚಾದಾಗ ಬುದ್ಧಿ ಸ್ವಲ್ಪ ಹಿಂದೆ ಕೂಡುತ್ತದೆ.

ತಿರುಗಿ ಬರುವಾಗ ಪ್ರವಚನ ಸಣ್ಣಗೆ ನಡೆದೇ ಇತ್ತು. ಸಾವ್ಕಾರರು ನನ್ನ ಕಡೆ ವಾಲಿ, ತುಟಿ ಅಲುಗಿತೋ ಇಲ್ಲವೋ ಅನ್ನುವಂತೆ ಅಂದರು. ಆ ಬಾಯಲ್ಲಿ ಮೆಲ್ಲನೆಯ ಮಾತು ನಾನು ಕೇಳಿದ್ದು ಅದೇ ಮೊದಲು.

"ಸಾಕ್ರಿ ಮಿಸ್ತ್ರಿ. ನೀವೂ ಭಾಳ ಮಾಡಿದ್ರಿ. ಇನ್ನ ಈ ಕಡೆ ಬರೂದಿಲ್ಲ. ನಾಳೆ ಇಚಲಕರಂಜ್ಯಾಗ ಕಿವಿ ಡಾಕ್ಟರ್ ಕಡೆ ಕರಕೊಂಡ ಹೋಗತೀನಿ."

ಹಿಂದಿನ ಸೀಟಿನಿಂದ ತಟ್ಟನೆ ಬಂತು:

"ಯಾಕಪಾ, ಗಡಹಿಂಗ್ಲಜದಾಗ ಕಿವಿ ಡಾಕ್ಟರ್ ಇಲ್ಲೇನು?"

ಗಾಡಿ ಕಿರ್ರನೆ ನಿಂತಿತು. ಸಾವ್ಕಾರರು ಪ್ರವಚನ ಬಂದ್ ಮಾಡಿ, ಪೂರಾ ಹಿಂದಕ್ಕೆ ತಿರುಗಿದರು.

"ಅವ್ವಾ! ನಿನಗ ಕೇಳಸತೈತಿ!"

"ಆಂ?" ಎಂದರು ಅವ್ವಾರು. ಆದರೆ ಈ ಸಲ ನಗು ತಡೆಯಲಾಗಲಿಲ್ಲ.

"ಯಾವಾಗಿಂದ?"

"ಹುಟ್ಟಿದಾಗಿಂದ."

"ಮತ್ತ ಮನ್ಯಾಗ ಏನ ಕೇಳಿದ್ರೂ 'ಆಂ?' ಅಂತೀ?"

"ಕಾಲ ಕೆಳಗ ನಲವತ್ತ ಮಗ್ಗ ಖಡಖಡ ಅಂದ್ರ ಯಾರಿಗಿ ಕೇಳಸತೈತಿ? ನಿನಗ ಕೇಳಸತೈತೇನು? ನೀ ಬರೇ ಒದರತೀದಿ, ಕೇಳೂದ ಯಾವಾಗ? ಅಜ್ಜಾರ ಪ್ರವಚನ ಮನ್ಯಾಗ ಒಂದ ಅಕ್ಷರ ಕಿವಿಗಿ ಬೀಳಂಗಿಲ್ಲ. ಈ ಗಾಡ್ಯಾಗ ಮೊದಲನೇ ದಿನಾನ ಕೇಳಿಸಿತು, ಬಾಯಿ ಮುಕ್ಕಳಸಿದ್ದೂ ಕೇಳಿಸಿತು. ಹೌದು ಅಂದಿದ್ರ ನೀ ನನ್ನ ಮತ್ತ ನೂಲಕ್ಕ ಕರಕೊಂಡ ಬರತಿದ್ದೇನು? ಆರ ಸಲ ಬಂದೀನಿ. ಆರು ವರ್ಷದಾಗ ಒಮ್ಮೇನೂ ಬಂದಿರಲಿಲ್ಲ."

ಸಾವ್ಕಾರರು ತಲೆ ತಗ್ಗಿಸಿದರು. ಆಮೇಲೆ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಬೆನ್ನ ಮೇಲೆ ಕೈಯಿಟ್ಟರೆ, ಮನುಷ್ಯ ನಗುತ್ತಿದ್ದರು. "ತಿಂಗಳಿಗೊಮ್ಮೆ ಬರೂಣವ್ವಾ," ಎಂದರು, ಮೆಲ್ಲಗೆ. "ಸ್ಪೀಕರ್ ಚೆಕ್ ಮಾಡಸಾಕ."

"ನಾ ಆರ ಸೋಮವಾರ ಒಪ್ಪತ್ತ ಮಾಡೀನ್ರಿ ಅವ್ವಾರ," ಎಂದೆ.

"ಅದಕ್ಕ ನೋಡು, ಹೊಟ್ಟಿ ಇಳದೈತಿ. ದೇವರು ಯಾರಿಗೂ ಬರೇಗೈಲೆ ಕಳಸಂಗಿಲ್ಲ ತಮ್ಮ."

ಅದೂ ಖರೆ. ಗಾಡಿ ಮತ್ತೆ ಹೊರಟಿತು. ಆದರೂ ಒಂದು ಮಾತು ನನ್ನೊಳಗೆ ಉಳಿದಿತ್ತು. ಅದೊಂದನ್ನಾದರೂ ದೇವರು ನನ್ನ ಪಾಲಿಗೆ ಉಳಿಸಿರುತ್ತಾನೆಂದು ಧೈರ್ಯ ಮಾಡಿ ಕೇಳಿದೆ.

"ಅವ್ವಾರ, ಕೊಲ್ಹಾಪುರ ಬಿಟ್ಟು, ಇಚಲಕರಂಜಿ ಬಿಟ್ಟು ನನ್ನ ಅಂಗಡೀನ ಆಗಬೇಕ ಅಂದ್ರೆಲ್ಲ, ಅದು ಈ ವಿಭೂತಿ ನೋಡೇ ಅಲ್ಲೇನ್ರಿ?"

ಅವ್ವಾರು ಕೈ ಚಾಚಿ ನನ್ನ ತಲೆ ಸವರಿದರು.

"ವಿಭೂತಿ ಭಾಳ ಛಲೋ ಐತಿ ತಮ್ಮ," ಎಂದರು. "ಆದ್ರ ನಿನ್ನ ಅಂಗಡಿ ನೂಲದ ಹಾದ್ಯಾಗ ಐತಿ."