ಬಾಣಂತಿಯ ಕೋಣೆಗೆ ಬಿಸಿಲು

ನನಗೆ ವಾಸ್ತುವಿನಲ್ಲಿ ನಂಬಿಕೆ ಇಲ್ಲ. ಭಯ ಇದೆ, ಅಷ್ಟೆ. ನಂಬಿಕೆ ಇರುವವರು ಪುಣ್ಯವಂತರು. ಬಲ್ಲವರನ್ನು ಕೇಳಿ, ಅವರು ಹೇಳಿದ್ದನ್ನು ಮಾಡಿ, ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಾರೆ. ನಂಬಿಕೆಯೇ ಇಲ್ಲದವರದೂ ಒಳ್ಳೆಯ ನಿದ್ದೆಯೇ. ನಡುವೆ ಸಿಕ್ಕಿಕೊಂಡು ಒದ್ದಾಡುವವರು ನನ್ನಂಥವರು. ಪರದೇಶದ ಈ ಚಳಿ ಊರು ವುಡಿನ್‌ವಿಲ್‌ನಲ್ಲಿ ಮನೆ ಹುಡುಕುವಾಗ ಏಜೆಂಟ್ ಹೆಂಗಸಿಗೆ ‘ದಿಕ್ಕು ಗಿಕ್ಕು ನಮಗೆ ಮುಖ್ಯವಲ್ಲ’ ಎಂದು ಧೀರನಂತೆ ಹೇಳಿದ್ದೆ. ಆಮೇಲೆ ಪಶ್ಚಿಮ ಬಾಗಿಲಿನ ಮನೆಯ ಅಡುಗೆಮನೆ ಚಿಕ್ಕದೆಂದೂ, ದಕ್ಷಿಣ ಬಾಗಿಲಿನದಕ್ಕೆ ರಸ್ತೆಯ ಗಲಾಟೆ ಜಾಸ್ತಿಯೆಂದೂ ನೆಪ ತೆಗೆದೆ. ಹದಿಮೂರನೆಯ ಮನೆಯ ಹೊತ್ತಿಗೆ ಆಕೆ ಕಾರಿನಿಂದ ಇಳಿಯುತ್ತಲೇ ಫೋನಿನಲ್ಲಿ ದಿಕ್ಸೂಚಿ ತೆರೆದು ‘ಪೂರ್ವ’ ಎಂದಳು. ಅಲ್ಲಿನ ಅಡುಗೆಮನೆ ಇನ್ನೂ ಚಿಕ್ಕದಾಗಿತ್ತು. ನಾವು ಅದನ್ನೇ ಕೊಂಡೆವು.

ಈ ಮನೆಯಲ್ಲಿ ಗ್ಯಾರೇಜಿನ ಮೇಲೊಂದು ಕೋಣೆ ಇದೆ. ಮನೆ ಕಾಯಿಸುವ ಫರ್ನೇಸಿನ ಬಿಸಿಗಾಳಿ ಎಲ್ಲ ಕಡೆ ಸುತ್ತಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸುಸ್ತಾಗಿರುತ್ತದೆ. ಬೇರೆ ವರ್ಷವಾಗಿದ್ದರೆ ಸೂಟ್‌ಕೇಸುಗಳನ್ನು ತುಂಬಿ ಬಾಗಿಲು ಹಾಕಿಬಿಡುತ್ತಿದ್ದೆವು. ಆದರೆ ನನ್ನ ಹೆಂಡತಿ ವೀಣಾಗೆ ಡಿಸೆಂಬರ್‌ನಲ್ಲಿ ಹೆರಿಗೆ. ಬಾಣಂತನಕ್ಕೆ ಧಾರವಾಡದಿಂದ ಅತ್ತೆ ಬರುವವರಿದ್ದರು. ಬಾಣಂತಿ, ಕೂಸು, ಅತ್ತೆ ಮೂವರಿಗೂ ಸಾಲುವಷ್ಟು ದೊಡ್ಡ ಕೋಣೆ ಅದೊಂದೇ. “ರೀ, ಅವ್ವ ಫೋನಿನಾಗ ದಿನಾ ಒಂದ ಮಾತು ಕೇಳ್ತಾಳ, ಕೋಣಿ ಬೆಚ್ಚಗ ಅದನೋ ಇಲ್ಲೋ ಅಂತ. ಏನಂತ ಹೇಳ್ಲಿ?” ಎಂದು ವೀಣಾ ಕೇಳಿದಾಗಲೆಲ್ಲ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಕರೆಂಟ್ ಹೀಟರ್ ಇಡಬಹುದಿತ್ತು ನಿಜ. ಆದರೆ ಹೀಟರಿನಿಂದ ಬೆಂಕಿ ಹತ್ತಿಕೊಂಡ ಸುದ್ದಿಗಳನ್ನೆಲ್ಲ ಹುಡುಕಿ ಓದಿದ್ದ ನನಗೆ, ಹಸುಗೂಸಿನ ಕೋಣೆಯಲ್ಲಿ ಅದನ್ನು ದಿನವಿಡೀ ಉರಿಸುವ ಧೈರ್ಯ ಬರಲಿಲ್ಲ.

ಕೊನೆಗೆ ಸೋಲಾರ್ ಪ್ಯಾನೆಲ್ ಸಿಕ್ಕಿತು. ಮೈಸೂರಿನ ತಾರಸಿಗಳ ಮೇಲಿರುವ ನೀರು ಕಾಯಿಸುವ ಥರದ್ದಲ್ಲ. ಇದು ಹೊರಗೋಡೆಗೆ ಜಡಿಯುವ ಕಪ್ಪು ಪೆಟ್ಟಿಗೆ, ಮುಂದೆ ಗಾಜು. ಬಿಸಿಲಿಗೆ ಒಳಗಿನ ಗಾಳಿ ಕಾದಾಗ ಸಣ್ಣದೊಂದು ಫ್ಯಾನು ಅದನ್ನು ಗೋಡೆಯ ತೂತಿನಿಂದ ಕೋಣೆಗೆ ನೂಕುತ್ತದೆ. ಮೂರು ಸಾಕು ಎಂದ, ಅವನ್ನು ಕೂರಿಸಲು ಬಂದ ಗ್ಯಾರಿ. ಕೋಣೆಗೆ ಎರಡು ಹೊರಗೋಡೆಗಳಿದ್ದವು, ಪೂರ್ವದ್ದೊಂದು, ದಕ್ಷಿಣದ್ದೊಂದು. ಗ್ಯಾರಿ ನನ್ನನ್ನು ಒಂದು ಮಾತೂ ಕೇಳದೆ ದಕ್ಷಿಣದ ಗೋಡೆಗೆ ಪೆನ್ಸಿಲಿನಿಂದ ಗುರುತು ಹಾಕತೊಡಗಿದ.

ದಕ್ಷಿಣವೆಂದರೆ ಯಮನ ದಿಕ್ಕು! ಆ ಗೋಡೆಗೇ ತೂತು ಕೊರೆಸಿ, ಫ್ಯಾನು ಹಾಕಿಸಿ, ಆ ಕಡೆಯ ಗಾಳಿಯನ್ನು ನನ್ನ ಮಗುವಿನ ತೊಟ್ಟಿಲಿಗೆ ನಾನೇ ಕೈಯಾರೆ ಊದಿಸುವುದೆ? ಅತ್ತೆ ಏನೆಂದಾರು? ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಆಗಬಾರದ್ದೆಲ್ಲ ಹೇಗೆ ಆಗಬಹುದು ಎಂದು ಊಹಿಸಲು ನನಗೆ ಸಂಬಳ ಕೊಡುತ್ತಾರೆ. ಗ್ಯಾರಿಗೆ, ‘ಪೂರ್ವಕ್ಕೇ ಹಾಕು, ಮುಂಜಾನೆಯ ಬಿಸಿಲು ಆರೋಗ್ಯಕ್ಕೆ ಒಳ್ಳೆಯದು’ ಎಂದೆ. ಅವನು ಪೂರ್ವದಲ್ಲಿ ಎತ್ತರಕ್ಕೆ ನಿಂತಿದ್ದ ಎದುರು ಮನೆಯ ಸೀಡರ್ ಮರಗಳನ್ನು ನೋಡಿದ, ನನ್ನನ್ನು ನೋಡಿದ, ಒಂದು ಹಾಳೆಯ ಮೇಲೆ ಏನೋ ಬರೆದು ನನ್ನ ಸಹಿ ಹಾಕಿಸಿಕೊಂಡ. ಗಡಿಬಿಡಿಯಲ್ಲಿ ನಾನು ಅದನ್ನು ಓದಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಪೀಕಲಾಟ. ಮೋಡವಿದ್ದ ದಿನ ಪರವಾಗಿಲ್ಲ, ಮೋಡದ ಮೇಲೆ ತಪ್ಪು ಹೊರಿಸಬಹುದು. ಕಣ್ಣು ಕೋರೈಸುವಂಥ ಬಿಸಿಲಿದ್ದ ದಿನವೂ ಫ್ಯಾನು ಹತ್ತು ನಿಮಿಷ ಕೆಮ್ಮಿ ಸುಮ್ಮನಾಗುತ್ತಿತ್ತು. ಪಕ್ಕದೂರು ಬೆಲ್ವ್ಯೂವಿನ ಆಫೀಸಿನಲ್ಲಿ ಮೀಟಿಂಗ್ ನಡುವೆ ಎದ್ದು ಹೋಗಿ ವೀಣಾಗೆ ಕಾಲ್ ಮಾಡುತ್ತಿದ್ದೆ. “ತಿರುಗ್ತಾ ಇದ್ಯಾ?” ಎಂದರೆ, “ಫ್ಯಾನ್ ಇಲ್ರೀ, ನನ್ನ ತಲಿ ತಿರಗ್ಲಿಕ್ಕತ್ತದ” ಎಂದು ಫೋನ್ ಇಡುತ್ತಿದ್ದಳು. ಹೆರಿಗೆಗೆ ಆರು ವಾರ ಉಳಿದಿತ್ತು. ಕೋಣೆಯೊಳಗೆ ಕಾಲಿಟ್ಟರೆ ಸಾಕ್ಸಿನೊಳಗೂ ಚಳಿ ಏರುತ್ತಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅತ್ತೆ ಬಂದಿಳಿದ ಮರುದಿನವೇ ಶಾಲು ಹೊದ್ದು ಮನೆಗೊಂದು ಸುತ್ತು ಹಾಕಿದರು. ಪೆಟ್ಟಿಗೆಗಳ ಕೆಳಗೆ ನಿಂತರು. “ಅಳಿಯಾರ, ಇವನ್ನ ಈ ಗ್ವಾಡಿಗೆ ಹಚ್ಚಿದ ಶಾಣ್ಯಾ ಯಾರ್ರೀ? ಚಳಿಗಾಲದಾಗ ಸೂರ್ಯ ದಕ್ಷಿಣಕ್ಕ ವಾಲಿರ್ತಾನ. ಇಷ್ಟು ಉತ್ತರದಾಗಂತೂ ಕೇಳೂದ ಬ್ಯಾಡ. ಏಳನೇ ಕ್ಲಾಸಿನ ಹುಡುಗೂರಿಗೂ ಗೊತ್ತದ!” ಅತ್ತೆ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಸೂರ್ಯ ವಾಲುವ ಸಂಗತಿ ನನಗೆ ಗೊತ್ತಿರಲಿಲ್ಲವೆಂದಲ್ಲ, ಹೆದರುವ ಭರದಲ್ಲಿ ಮರೆತಿದ್ದೆ. “ಆ ಗ್ಯಾರಿ ಹಾಕಿಬಿಟ್ಟ ಅತ್ತೆ, ನಾನು ಆಫೀಸಲ್ಲಿದ್ದೆ” ಎಂದೆ. ಅಯ್ಯೋ, ಎಷ್ಟು ಸಲೀಸಾಗಿ ಬಂತು ಸುಳ್ಳು! “ಕರಸ್ರಿ ಅವನ್ನ” ಎಂದರು ಅತ್ತೆ.

ಶನಿವಾರ ಗ್ಯಾರಿ ಬಂದ. ಅತ್ತೆ ತಮ್ಮ ಶಾಲೆಯ ಇಂಗ್ಲಿಷಿನಲ್ಲಿ ಅವನಿಗೆ ಐದು ನಿಮಿಷ ಪಾಠ ಮಾಡಿದರು. ಅವನು ಕೈಕಟ್ಟಿ ಪೂರ್ತಿ ಕೇಳಿಸಿಕೊಂಡು, ಆ ಹಾಳೆಯನ್ನು ತೆಗೆದು ಅವರ ಕೈಗಿಟ್ಟ. ‘ನನ್ನ ಸಲಹೆ ದಕ್ಷಿಣದ ಗೋಡೆ. ಮನೆಯ ಯಜಮಾನರ ಒತ್ತಾಯದಿಂದ ಪೂರ್ವದ ಗೋಡೆ.’ ಕೆಳಗೆ ನನ್ನ ಸಹಿ. ಅತ್ತೆ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ನನ್ನ ಮುಖವನ್ನೂ ಓದಿದರೆಂದು ಕಾಣುತ್ತದೆ. “ಯಮನ ದಿಕ್ಕಂತ ಹೆದರೀರೇನು?” ನಾನು ಹೌದೆಂದು ತಲೆಯಾಡಿಸಿದೆ. “ಯಮ ಬಂದ್ರ ನಾ ನೋಡ್ಕೋತೀನಿ. ನೀವು ಮೊದ್ಲ ಗ್ವಾಡಿ ಕೊರಸ್ರಿ.” ಗ್ಯಾರಿಗೆ ಕಾಫಿ ತರಲೆಂದು ನಾನು ಒಳಗೆ ಓಡಿದೆ.

ಮಗಳು ಹುಟ್ಟಿದಳು. ಅವಳನ್ನು ಮನೆಗೆ ತಂದ ವಾರ ಆಕಾಶ ತಿಳಿಯಾಗಿತ್ತು. ದಕ್ಷಿಣದ ಗೋಡೆಯ ಫ್ಯಾನು ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ಮಧ್ಯಾಹ್ನ ಮೂರರವರೆಗೆ ಗುಂಯ್ಯೆನ್ನುತ್ತಿತ್ತು. ನಾನು ರಜೆ ಹಾಕಿ, ತೊಟ್ಟಿಲಿಗೂ ಆ ತೂತಿಗೂ ನಡುವೆ ಕುರ್ಚಿ ಹಾಕಿಕೊಂಡು ದಿನವೂ ಲ್ಯಾಪ್‌ಟಾಪ್ ಹಿಡಿದು ಕೂರುತ್ತಿದ್ದೆ. ಕಾವಲಿಗೆ ಎಂದು ಯಾರಿಗೂ ಹೇಳಲಿಲ್ಲ. ಬರುವವನು ಯಾರೇ ಆಗಲಿ, ಮೊದಲು ನನ್ನನ್ನು ದಾಟಲಿ ಎಂಬ ಹಟ. ಮೂರನೆಯ ದಿನ ವೀಣಾ, “ಅವ್ವಾ, ಫ್ಯಾನ್ ತಿರಗ್ಲಿಕ್ಕತ್ತದ, ಕೂಸಿನ ಕೈ ಯಾಕ ತಣ್ಣಗ ಅದ?” ಎಂದಳು. ಅತ್ತೆ ತೊಟ್ಟಿಲ ಮೇಲೆ ಅಂಗೈ ಹಿಡಿದರು, ಗೋಡೆಯ ಹತ್ತಿರ ಹಿಡಿದರು, ಆಮೇಲೆ ನನ್ನ ಬೆನ್ನ ಮೇಲೆ ಇಟ್ಟರು. ನನ್ನ ಬೆನ್ನು ಕಾದ ಹಂಚಿನಂತಿತ್ತು.

“ಏಳ್ರಿ ಅಳಿಯಾರ” ಎಂದರು ಅತ್ತೆ. “ಯಮ ಇನ್ನೂ ಬಂದಿಲ್ಲ. ಕೂಸಿನ ಬಿಸಿಲಿಗೆ ಅಡ್ಡ ಕೂತಾವ್ರು ನೀವ.”